ಹಂಪೆಯ ಹಾಳುಗೋಡೆಗಳೂ ಆಲೂರ ವೆಂಕಟರಾಯರೂ

ಶಿವಶರಣರ ಪರಂಪರೆಯ ಮಠವೊಂದರ ಮಹೋತ್ಸವ ಸಂಪುಟದಲ್ಲಿ ಮಾಧ್ವಮತದ ಗೃಹಸ್ಥರೊಬ್ಬರ ಚರಿತ್ರೆಗೆ ಎಡೆಯೇಕೆಂದು ಕೆಲವು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸದ್ಭಕ್ತರು ಈಗ ತಮ್ಮನ್ನು ಕರ್ನಾಟಕದವರೆಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಳ್ಳುತ್ತಾರೆ. ಇವರ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಕರ್ನಾಟಕವೆಂಬ ಹೆಸರಿನ ರಾಜ್ಯವಿರಲಿಲ್ಲ. ಆ ಹೆಸರನ್ನು ಕೇಳಿ ಪುಳಕಗೊಳ್ಳುವ ಮನಸ್ಸೂ ವಿರಳವಾಗಿತ್ತು. ಆ ಮನಸ್ಸನ್ನು ನಿರ್ಮಿಸಿದವರಲ್ಲಿ ಆಲೂರ ವೆಂಕಟರಾಯರು ಅಗ್ರಗಣ್ಯರು. ಅವರು ಅದನ್ನು ಯಾವ ಸಾಮಗ್ರಿಯಿಂದ ನಿರ್ಮಿಸಿದರೆಂಬದೇ ಈ ಲೇಖನದ ವಿಷಯ. ಸೈನ್ಯವಿಲ್ಲ, ಧನವಿಲ್ಲ, ಅಧಿಕಾರವಿಲ್ಲ. ಮುರಿದ ಗೋಡೆ, ಸವೆದ ಶಿಲಾಲೇಖ, ಅಂಗಹೀನವಾದ ವಿಗ್ರಹ, ಇವಿಷ್ಟೇ ಅವರ ಕೈಗೆ ದೊರೆತ ಸಾಮಗ್ರಿ.

ಮೊದಲು ಆ ಕಾಲದ ಸ್ಥಿತಿಯನ್ನು ತಿಳಿಯಬೇಕು. ಚಿಕ್ಕೋಡಿಯೂ ಅಥಣಿಯೂ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗವು ಕೊಲ್ಲಾಪುರ ಸಂಸ್ಥಾನದ ಕೈಕೆಳಗಿತ್ತು. ಸುತ್ತಲೂ ಸಾಂಗಲಿ, ಮೀರಜ, ಕುರುಂದವಾಡ, ಜಮಖಂಡಿ, ಮುಧೋಳ ಮುಂತಾದ ಸಣ್ಣ ದೊಡ್ಡ ಸಂಸ್ಥಾನಗಳು ಹೆಣೆದುಕೊಂಡಿದ್ದವು. ಒಂದೇ ಮಠದ ಶಿಷ್ಯರು ಮೂರು ನಾಲ್ಕು ಸರಕಾರಗಳಿಗೆ ಕಂದಾಯ ತೆರುತ್ತಿದ್ದರು. ಕಚೇರಿಯ ಕಾಗದವೂ ಸಾಹುಕಾರರ ಲೆಕ್ಕವೂ ಬಹುಮಟ್ಟಿಗೆ ಮರಾಠಿಯಲ್ಲಿ ನಡೆಯುತ್ತಿದ್ದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬ ಸ್ಥಿತಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಬೆಳಗಾವಿ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಲು ಪಟ್ಟ ಶ್ರಮವನ್ನು ನಮ್ಮ ಸಮಾಜವು ಮರೆಯುವಂತಿಲ್ಲ. ಆ ಮಹನೀಯರು ಅಕ್ಷರವನ್ನು ಕೊಟ್ಟರು. ಆದರೆ ಆ ಅಕ್ಷರದಿಂದ ಓದಲಿಕ್ಕೆ ತಮ್ಮ ನಾಡಿನದೇ ಆದ ಪೂರ್ವವೃತ್ತಾಂತವು ಕನ್ನಡಿಗರಿಗೆ ಇನ್ನೂ ಇರಲಿಲ್ಲ. ಮಕ್ಕಳು ಇಂಗ್ಲಂಡದ ಅರಸರ ಹೆಸರುಗಳನ್ನೂ ಮರಾಠರ ಪರಾಕ್ರಮವನ್ನೂ ಬಾಯಿಪಾಠ ಮಾಡುತ್ತಿದ್ದರು. ಪುಲಿಕೇಶಿಯಾರು, ನೃಪತುಂಗನಾರು ಎಂದು ಕೇಳಿದರೆ ಉಪಾಧ್ಯಾಯರೇ ನಿರುತ್ತರರು.

ವೆಂಕಟರಾಯರು ೧೮೮೦ನೆಯ ಇಸವಿಯ ಜುಲೈ ೧೨ರಂದು ವಿಜಾಪುರದಲ್ಲಿ ಜನಿಸಿದರು. ತಂದೆ ಭೀಮರಾಯರು ಸರಕಾರದ ಶಿರಸ್ತೇದಾರರು. ಮಲಪ್ರಭೆಯ ದಂಡೆಯ ಹೊಳೆಆಲೂರು ಇವರ ಮನೆತನದ ಮೂಲ. ಆಲೂರ ಎಂಬ ಅಡ್ಡಹೆಸರು ಅಲ್ಲಿಂದ ಬಂದುದು. ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದುವರಿಯಲಾರೆ. ಅದೇ ವರ್ಷದ ಅದೇ ತಿಂಗಳಿನ ೨ನೆಯ ತಾರೀಖಿಗೆ ಧಾರವಾಡದಲ್ಲಿ ಫ. ಗು. ಹಳಕಟ್ಟಿಯವರು ಹುಟ್ಟಿದ್ದರು. ವಿಜಾಪುರದಲ್ಲಿ ಹುಟ್ಟಿದವರು ಧಾರವಾಡಕ್ಕೆ ಬಂದು ನೆಲಸಿದರು. ಧಾರವಾಡದಲ್ಲಿ ಹುಟ್ಟಿದವರು ವಿಜಾಪುರಕ್ಕೆ ಹೋಗಿ ನೆಲಸಿದರು. ಇಬ್ಬರೂ ವಕೀಲಿಯ ಪರೀಕ್ಷೆ ಮಾಡಿದವರು. ಇಬ್ಬರೂ ವಕೀಲಿಯಿಂದ ಧನವನ್ನು ಕೂಡಿಡದೆ ಹೋದವರು. ಒಬ್ಬರು ಕಲ್ಲುಗಳನ್ನು ಓದಿದರು, ಇನ್ನೊಬ್ಬರು ತಾಳೆಗರಿಗಳನ್ನು ಓದಿದರು.

ಪ್ರಾಥಮಿಕ ವಿದ್ಯಾಭ್ಯಾಸದ ಸಂಗತಿಗಳಲ್ಲಿ ವಿಶೇಷವೇನೂ ಇಲ್ಲ. ಮುಂದೆ ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದರು. ಅದು ಲೋಕಮಾನ್ಯ ತಿಲಕರ ಪ್ರಭಾವವು ಉಚ್ಚಸ್ಥಿತಿಯಲ್ಲಿದ್ದ ಕಾಲ. ಸಾವರಕರ, ಸೇನಾಪತಿ ಬಾಪಟ ಮೊದಲಾದ ತೇಜಸ್ವಿ ತರುಣರ ಸಹವಾಸವು ಇವರಿಗೆ ದೊರೆಯಿತು. ತಿಲಕರು ೧೮೯೫ರಲ್ಲಿ ರಾಯಗಡದ ಮೇಲಿನ ಶಿವಾಜಿಯ ಜೀರ್ಣವಾದ ಸಮಾಧಿಯ ಕಡೆಗೆ ಜನರ ಲಕ್ಷ್ಯವನ್ನು ಸೆಳೆದು, ನಿಧಿ ಕೂಡಿಸಿ, ಮರುವರ್ಷ ಅಲ್ಲಿ ಉತ್ಸವವನ್ನು ಪ್ರಾರಂಭಿಸಿದ್ದರು. ಗಿಡಗಂಟಿ ಬೆಳೆದು ಯಾರೂ ಕೇಳದಿದ್ದ ಒಂದು ಕಲ್ಲಿನ ಕಟ್ಟೆಯು ಇಡೀ ಮಹಾರಾಷ್ಟ್ರಕ್ಕೆ ತೀರ್ಥವಾಯಿತು. ಇದನ್ನೆಲ್ಲ ಪುಣೆಯಲ್ಲಿದ್ದು ಬಲ್ಲ ಕನ್ನಡದ ತರುಣನೊಬ್ಬನಿಗೆ, ತನ್ನ ನಾಡಿನ ರಾಯಗಡ ಯಾವುದೆಂಬ ಪ್ರಶ್ನೆಯು ಹುಟ್ಟದೆ ಇರದು. ಮಹಾರಾಷ್ಟ್ರದ ಸಂಗದಿಂದ ಕನ್ನಡಿಗರು ತಮ್ಮತನವನ್ನು ಕಳಕೊಂಡರೆಂದು ದೂರುವವರು ಉಂಟು. ವೆಂಕಟರಾಯರ ವಿಷಯದಲ್ಲಿ ಆ ಸಂಗವು ತಮ್ಮತನವನ್ನು ಹುಡುಕುವದಕ್ಕೆ ಕಾರಣವಾಯಿತೆಂದು ನಾನು ತಿಳಿಯುತ್ತೇನೆ. ಮೀರಜ ಕೊಲ್ಲಾಪುರಗಳ ನೆರೆಯಲ್ಲಿ ಬಾಳುವ ನಮ್ಮ ಸೀಮೆಯವರಿಗೆ ಇದು ತಿಳಿಯದ ಅನುಭವವಲ್ಲ.

ಮುಂಬಯಿಯಲ್ಲಿ ನ್ಯಾಯಶಾಸ್ತ್ರದ ಅಭ್ಯಾಸವನ್ನು ಮುಗಿಸಿದ ೧೯೦೫ನೆಯ ವರ್ಷದಲ್ಲಿಯೇ, ಮೇ ತಿಂಗಳ ೪ನೆಯ ತಾರೀಖಿಗೆ, ಅವರಿಗೆ ಆನೆಗೊಂದಿ ಹಂಪೆಗಳ ದರ್ಶನವಾಯಿತು. ತಮ್ಮ ಬಾಳಿನ ದಿಕ್ಕು ಬದಲಾದುದು ಆ ದಿನವೇ ಎಂದು ಅವರು ಕಡೆಯವರೆಗೂ ನಂಬಿದ್ದರು.

ಆಗಿನ ಹಂಪೆ ಈಗಿನ ಹಂಪೆಯಲ್ಲ. ಈಗ ಅಲ್ಲಿಗೆ ಲೋಕದ ಪ್ರವಾಸಿಗಳೆಲ್ಲ ಬರುತ್ತಾರೆ. ೧೯೮೬ರಿಂದ ಅದು ವಿಶ್ವಪರಂಪರೆಯ ಕ್ಷೇತ್ರವೆಂದು ಸಂಯುಕ್ತ ರಾಷ್ಟ್ರಸಂಘದ ಪಟ್ಟಿಯಲ್ಲಿ ಸೇರಿದೆ. ಅಂದು ತುಂಗಭದ್ರೆಯ ತೆಂಕಣ ದಂಡೆಯ ಹಂಪೆಯು ಮದ್ರಾಸ ಇಲಾಖೆಯ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಡಗಣ ದಂಡೆಯ ಆನೆಗೊಂದಿಯು ನಿಜಾಮನ ರಾಜ್ಯದಲ್ಲಿತ್ತು. ನೋಡಲು ಬಂದ ತರುಣನು ಮುಂಬಯಿ ಇಲಾಖೆಯವನು. ಒಂದೇ ರಾಜಧಾನಿಯ ಎರಡು ಭಾಗಗಳನ್ನು ನೋಡಲು ಹರಿಗೋಲಿನಲ್ಲಿ ಕುಳಿತು ಒಂದು ಸರಕಾರದಿಂದ ಇನ್ನೊಂದು ಸರಕಾರಕ್ಕೆ ದಾಟಬೇಕು! ಕನ್ನಡ ನಾಡು ಹರಿದು ಹಂಚಿಹೋಗಿದೆಯೆಂಬದನ್ನು ಪುಸ್ತಕದಿಂದ ತಿಳಿಯುವ ಅವಶ್ಯಕತೆಯೇ ಅಲ್ಲಿಲ್ಲ. ಹೊಳೆಯೇ ಅದನ್ನು ಹೇಳುತ್ತಿತ್ತು.

೧೫೬೫ರ ಯುದ್ಧದ ತರುವಾಯ ಹಾಳುಬಿದ್ದ ಆ ಪಟ್ಟಣದಲ್ಲಿ ಅರಮನೆಗಳು ಉಳಿದಿಲ್ಲ. ಮರದ ಕಂಬಗಳೂ ಮೇಲ್ಕಟ್ಟುಗಳೂ ಬೆಂಕಿಗೆ ಆಹುತಿಯಾಗಿ, ಕಲ್ಲಿನ ಅಧಿಷ್ಠಾನಗಳು ಮಾತ್ರ ನೆಲಕ್ಕಂಟಿಕೊಂಡು ನಿಂತಿವೆ. ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬೇಟೆ, ನರ್ತನಗಳ ಕೆತ್ತನೆಯುಂಟು; ಮೇಲೆ ಕುಳಿತು ನೋಡುವ ಅರಸನಿಲ್ಲ. ಹಜಾರರಾಮನ ಗುಡಿಯ ಗೋಡೆಯ ಮೇಲೆ ರಾಮಾಯಣವು ಸಾಲುಸಾಲಾಗಿ ಕೊರೆದಿದೆ. ೧೫೨೮ರಲ್ಲಿ ಕೃಷ್ಣದೇವರಾಯನು ಒಂದೇ ಬಂಡೆಯಲ್ಲಿ ಕಡೆಯಿಸಿದ ನರಸಿಂಹನ ಕೈಗಳು ಮುರಿದಿವೆ. ಅದರ ಮಗ್ಗುಲಲ್ಲಿಯೇ ನೀರಿನಲ್ಲಿ ನಿಂತ ಬಡವಿಲಿಂಗವು ಮಾತ್ರ ಅಖಂಡವಾಗಿದೆ. ಇಷ್ಟೆಲ್ಲ ಹಾಳಿನ ನಡುವೆ ವಿರೂಪಾಕ್ಷನ ಗುಡಿಯೊಂದು ಪೂಜೆ ತಪ್ಪದೆ ಉಳಿದುಕೊಂಡಿದೆ. ಅದರ ರಂಗಮಂಟಪದ ಎದುರಿನ ಶಿಲಾಲೇಖವು ೧೫೧೦ರಲ್ಲಿ ಆ ಮಂಟಪವು ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂಬಂಧವಾಗಿ ಆದುದನ್ನು ತಿಳಿಸುತ್ತದೆ. ಅದೇ ಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರನ್ನು ಪಲ್ಲಕ್ಕಿಯಲ್ಲಿ ಮೆರೆಯಿಸುವ ಬಣ್ಣದ ಚಿತ್ರವುಂಟು.

ವೀರಶೈವರಿಗಂತೂ ಹಂಪೆಯು ತವರುಮನೆ. ಹರಿಹರ ರಾಘವಾಂಕರು ವಿರೂಪಾಕ್ಷನ ಸನ್ನಿಧಿಯ ಕವಿಗಳು. ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರು ಅಲ್ಲಿದ್ದು ವಚನವಾಙ್ಮಯವನ್ನು ಉಳಿಸಿದರು; ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದನು; ಲಕ್ಕಣ್ಣ ದಂಡೇಶನು ಶಿವತತ್ತ್ವಚಿಂತಾಮಣಿಯನ್ನು ಬರೆದನು. ಆದರೂ ಆ ಕಾಲದಲ್ಲಿ ನಮ್ಮವರು ಎಷ್ಟು ಜನ ಅಲ್ಲಿಗೆ ಹೋಗಿ ಇದನ್ನು ನೆನೆದಿದ್ದರು?

ವೆಂಕಟರಾಯರಿಗಿಂತ ಮೊದಲು ಹಂಪೆಯನ್ನು ನೋಡಿದವರು ಇರಲಿಲ್ಲವೆಂದಲ್ಲ. ಕರ್ನಲ್ ಮೆಕೆಂಜಿಯು ಹದಿನೆಂಟನೆಯ ಶತಮಾನದ ಕೊನೆಗೆ ಅದರ ನಕಾಶೆಯನ್ನು ಮಾಡಿಸಿದ್ದನು. ಗ್ರೀನ್‌ಲಾ ಎಂಬ ದಂಡಿನ ಅಧಿಕಾರಿಯು ೧೮೫೬ರಲ್ಲಿ ಛಾಯಾಚಿತ್ರಗಳನ್ನು ತೆಗೆದಿದ್ದನು. ರಾಬರ್ಟ್ ಸಿವೆಲ್ಲನು ಪೋರ್ತುಗೀಜ ಪ್ರವಾಸಿಗಳ ಬರಹಗಳನ್ನು ಜೋಡಿಸಿ ೧೯೦೦ರಲ್ಲಿ ವಿಜಯನಗರದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ, ಅದಕ್ಕೆ ಮರೆತುಹೋದ ಸಾಮ್ರಾಜ್ಯವೆಂದು ಹೆಸರಿಟ್ಟಿದ್ದನು. ಇವರೆಲ್ಲರ ಶ್ರಮಕ್ಕೆ ನಾವು ಋಣಿಗಳು. ಆದರೆ ಮರೆತವರು ಯಾರು? ಆ ಪ್ರಶ್ನೆಯು ಸಿವೆಲ್ಲನಿಗೆ ನೋವಿನದಲ್ಲ, ಕನ್ನಡಿಗನಿಗೆ ನೋವಿನದು. ಪರರ ಮನೆಯ ಹಾಳನ್ನು ನೋಡಿದವನು ಅಳತೆ ಮಾಡುತ್ತಾನೆ, ತನ್ನ ಮನೆಯ ಹಾಳನ್ನು ನೋಡಿದವನು ನಾಚುತ್ತಾನೆ. ಆ ನಾಚಿಕೆಯೇ ವೆಂಕಟರಾಯರ ಕೃತಿಗೆ ಬೀಜವಾಯಿತು.

ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವದಾದರೆ, ಹಾಳುಗೋಡೆಗಳು ಉದ್ದೀಪನ ವಿಭಾವಗಳು. ಅವುಗಳಿಂದ ಸಾಮಾನ್ಯವಾಗಿ ಶೋಕವೇ ಹುಟ್ಟಬೇಕು. ಕರುಣರಸದಲ್ಲಿಯೇ ಪ್ರಕರಣವು ಮುಗಿಯಬೇಕು. ಹಂಪೆಗೆ ಹೋಗಿ ನಿಟ್ಟುಸಿರಿಟ್ಟು ಊರಿಗೆ ಮರಳಿದವರು ಸಾವಿರಾರು. ವೆಂಕಟರಾಯರಲ್ಲಿ ಶೋಕವು ಉತ್ಸಾಹಕ್ಕೆ ತಿರುಗಿತು. ಕರುಣದಿಂದ ವೀರಕ್ಕೆ ದಾಟುವದು ಕಾವ್ಯದಲ್ಲಿಯೂ ಕಷ್ಟ, ಬಾಳಿನಲ್ಲಿ ಇನ್ನೂ ಕಷ್ಟ.

ಅದೇ ೧೯೦೫ರ ಅಕ್ಟೋಬರದಲ್ಲಿ ಬಂಗಾಲವನ್ನು ಸರಕಾರವು ಎರಡು ಭಾಗ ಮಾಡಿತು. ಒಂದೇ ಭಾಷೆಯವರನ್ನು ಬೇರ್ಪಡಿಸಿದರೆಂದು ದೇಶವೆಲ್ಲ ಕೆರಳಿತು. ಎರಡಲ್ಲ, ಹತ್ತಾರು ಭಾಗವಾಗಿದ್ದ ಕನ್ನಡಿಗರು ಮಾತ್ರ ಸುಮ್ಮನಿದ್ದರು. ಧಾರವಾಡದಲ್ಲಿ ಆಗ ಜಾಗೃತಿಯ ಗಾಳಿ ಬೀಸತೊಡಗಿತ್ತೆಂಬದು ನಿಜ. ೧೮೯೦ರಲ್ಲಿಯೇ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾಗಿತ್ತು. ೧೯೦೪ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ವೀರಶೈವ ಮಹಾಸಭೆಯು ಸಿರಸಂಗಿ ಲಿಂಗರಾಜರ ಅಧ್ಯಕ್ಷತೆಯಲ್ಲಿ ಅಲ್ಲಿಯೇ ಮೊದಲ ಸಲ ಕೂಡಿತ್ತು. ವೆಂಕಟರಾಯರು ವಿದ್ಯಾವರ್ಧಕ ಸಂಘದ ಕೆಲಸಕ್ಕೆ ಹೆಗಲು ಕೊಟ್ಟು, ಅದರ ವಾಗ್ಭೂಷಣ ಪತ್ರಿಕೆಯನ್ನು ನಡೆಯಿಸಿದರು. ೧೯೦೭ರಲ್ಲಿ ಕನ್ನಡ ಗ್ರಂಥಕರ್ತರ ಸಮ್ಮೇಲನವನ್ನು ಧಾರವಾಡದಲ್ಲಿ ಕೂಡಿಸಿದರು. ಅದೇ ವರ್ಷ ಅವರ ಮೊದಲನೆಯ ಗ್ರಂಥವು ಹೊರಬಿತ್ತು. ಅದು ವಿದ್ಯಾರಣ್ಯರ ಚರಿತ್ರೆ. ಹಂಪೆಯಿಂದ ಮರಳಿದವನು ಮೊದಲು ಬರೆದುದು ಹಂಪೆಯ ಪೀಠದ ಯತಿಯನ್ನು ಕುರಿತೇ ಎಂಬದನ್ನು ವಾಚಕರು ಗಮನಿಸಬೇಕು. ವಕೀಲಿಯ ಹಲಗೆ ಮನೆಯ ಬಾಗಿಲಲ್ಲಿ ತೂಗುತ್ತಿದ್ದರೂ ಮನಸ್ಸು ಕೋರ್ಟಿನಲ್ಲಿ ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿ ಆ ಉದ್ಯೋಗವು ತಾನಾಗಿಯೇ ಬಿಟ್ಟುಹೋಯಿತು.

ಹಂಪೆಯ ದರ್ಶನವಾಗಿ ಹನ್ನೆರಡು ವರ್ಷಗಳ ಮೇಲೆ, ೧೯೧೭ರಲ್ಲಿ, ಕರ್ನಾಟಕ ಗತವೈಭವವು ಪ್ರಕಟವಾಯಿತು. ಅದೇ ವರ್ಷದಲ್ಲಿ ಸರಕಾರದ ಪುರಾತತ್ತ್ವ ಖಾತೆಯ ಲಾಂಗ್‌ಹರ್ಸ್ಟನು ಹಂಪೆಯ ಹಾಳುಗಳ ವರ್ಣನೆಯ ಪುಸ್ತಕವನ್ನು ಇಂಗ್ಲಿಷಿನಲ್ಲಿ ಹೊರಡಿಸಿದನು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಭೇದವು ಸ್ಪಷ್ಟವಾಗುವದು. ಆ ಪುಸ್ತಕವನ್ನು ಹಿಡಿದುಕೊಂಡು ಹಂಪೆಯನ್ನು ಸುತ್ತಬಹುದು. ಈ ಪುಸ್ತಕವನ್ನು ಓದಿದವನು ತನ್ನ ಊರಿನ ಹಾಳುಗುಡಿಯನ್ನು ಹುಡುಕಿಕೊಂಡು ಹೋಗುತ್ತಿದ್ದನು.

ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರಗಳ ಅರಸುಮನೆತನಗಳೆಲ್ಲ ಒಂದೇ ನಾಡಿನವೆಂದೂ, ಆ ನಾಡು ಕಾವೇರಿಯಿಂದ ಗೋದಾವರಿಯ ವರೆಗೆ ಹಬ್ಬಿತ್ತೆಂದೂ, ಇದಕ್ಕೆ ಗುಡಿ, ಶಿಲಾಲೇಖ, ನಾಣ್ಯ, ಊರಹೆಸರುಗಳೇ ಸಾಕ್ಷಿಯೆಂದೂ ವೆಂಕಟರಾಯರು ಪ್ರತಿಪಾದಿಸಿದರು. ಬಿಡಿಬಿಡಿಯಾದ ಈ ಸಂಗತಿಗಳು ಅವರು ಶೋಧಿಸಿದವಲ್ಲ. ಫ್ಲೀಟ, ಭಾಂಡಾರಕರ ಮೊದಲಾದ ಪಂಡಿತರು ಅವನ್ನು ಇಂಗ್ಲಿಷ ಗ್ರಂಥಗಳಲ್ಲಿ ಆಗಲೇ ಕೂಡಿಟ್ಟಿದ್ದರು. ಶಿಲ್ಪಿಯು ಕಲ್ಲನ್ನು ಸೃಷ್ಟಿಸುವದಿಲ್ಲ. ಇದ್ದ ಕಲ್ಲಿನಲ್ಲಿ ಮೂರ್ತಿಯನ್ನು ಕಾಣುತ್ತಾನೆ. ಚದುರಿಬಿದ್ದ ಕೈ, ಕಾಲು, ಕಿರೀಟಗಳನ್ನು ಕೂಡಿಸಿ ವೆಂಕಟರಾಯರು ಒಂದು ಮೂರ್ತಿಯನ್ನು ನಿಲ್ಲಿಸಿದರು. ಆ ಮೂರ್ತಿಗೆ ಕರ್ನಾಟಕವೆಂದು ಹೆಸರು. ಆದುದರಿಂದ ಆ ಗ್ರಂಥವನ್ನು ಇತಿಹಾಸವೆಂದು ಓದುವವರಿಗಿಂತ ಗದ್ಯಕಾವ್ಯವೆಂದು ಓದುವವರೇ ಅದರ ಮರ್ಮವನ್ನು ಬಲ್ಲವರು.

ನಮ್ಮ ಸೀಮೆಯ ವಾಚಕರು ಇದನ್ನು ಪ್ರತ್ಯಕ್ಷ ಮಾಡಿಕೊಳ್ಳಬೇಕಾದರೆ ಹಂಪೆಯ ವರೆಗೆ ಹೋಗಬೇಕಾಗಿಲ್ಲ. ಕಾಗವಾಡ ಚಿಕ್ಕೋಡಿಗಳ ನೆರೆಯಲ್ಲಿ, ಕೃಷ್ಣೆಯ ದಂಡೆಯ ಖಿದ್ರಾಪುರಕ್ಕೆ ಹೋಗಿ ಕೊಪ್ಪೇಶ್ವರನ ಗುಡಿಯನ್ನು ನೋಡಿದರೆ ಸಾಕು. ಆ ಊರು ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯಲ್ಲಿದೆ. ಶಿಲಾಹಾರರ ಕಾಲದ ಗುಡಿ. ನಲವತ್ತೆಂಟು ಕಂಬಗಳ ಸ್ವರ್ಗಮಂಟಪ. ಅದರ ನಡುವೆ ಆಕಾಶಕ್ಕೆ ತೆರೆದ ದುಂಡನೆಯ ಬಯಲು. ಅಲ್ಲಿ ಹನ್ನೆರಡರಷ್ಟು ಶಿಲಾಲೇಖಗಳಿವೆ. ತೆಂಕಣ ಬಾಗಿಲ ಬಳಿಯ ಯಾದವ ಸಿಂಘಣನ ಒಂದು ಸಂಸ್ಕೃತ ಶಾಸನವನ್ನು ಬಿಟ್ಟರೆ ಉಳಿದವೆಲ್ಲ ಕನ್ನಡ. ಶ್ರಾವಣ ಸೋಮವಾರಗಳಲ್ಲಿ ದರ್ಶನಕ್ಕೆ ಹೋಗುವ ನಮ್ಮ ಭಕ್ತರು ಆ ಕಂಬಗಳಿಗೆ ಬೆನ್ನು ಆನಿಸಿ ಕುಳಿತು ಬುತ್ತಿ ಬಿಚ್ಚುತ್ತಾರೆ. ಗೋಡೆಯ ಮೇಲಿನ ಅಕ್ಷರವು ತಮ್ಮ ಮನೆಯ ಭಾಷೆಯದೆಂದು ಅರಿಯದೆಯೇ ಕೈತೊಳೆದು ಬರುತ್ತಾರೆ. ಅರಿತವನಿಗೆ ಅದೇ ಗೋಡೆಯು ಮಾತಾಡುತ್ತದೆ. ಇಂಥ ಅಕ್ಷರಗಳಿಂದ ಇಂದಿನ ಗಡಿಯ ಜಗಳಕ್ಕೆ ಆಯುಧ ಮಾಡುವದು ನನ್ನ ಅಭಿಪ್ರಾಯವಲ್ಲ. ಕಲ್ಲು ಎರಡೂ ಕಡೆಯವರದು.

ಗ್ರಂಥದ ದೋಷಗಳನ್ನು ಮುಚ್ಚಿಡುವದು ಗೌರವವಲ್ಲ. ಅದರಲ್ಲಿ ಅರಸರ ಕಥೆಯೇ ಹೆಚ್ಚು. ಗೆಲವುಗಳನ್ನು ಹಿಗ್ಗಿ ಹೇಳಿ ಸೋಲುಗಳ ಕಾರಣವನ್ನು ಬೇಗ ದಾಟುವ ಸ್ವಭಾವವುಂಟು. ಮುಂದಿನ ಸಂಶೋಧಕರು ಅನೇಕ ಕಾಲನಿರ್ಣಯಗಳನ್ನು ತಿದ್ದಿದ್ದಾರೆ. ಶರಣರ ದೃಷ್ಟಿಯಿಂದ ಇನ್ನೂ ಒಂದು ಆಕ್ಷೇಪಣೆಯುಂಟು. ಕಟ್ಟಿ ನಿಲ್ಲಿಸಿದುದು ಒಂದು ದಿನ ಬೀಳುವದು, ನಡೆದಾಡುವ ಅರಿವೇ ಉಳಿಯುವದು ಎಂದು ಬಸವಾದಿ ಪ್ರಮಥರು ತಿಳಿಸಿಕೊಟ್ಟಿದ್ದಾರೆ. ಅವರ ಮಾರ್ಗದವರು ಬಿದ್ದ ಗುಡಿಗಾಗಿ ಮರುಗುವದು ಯುಕ್ತವೇ? 

ಈ ಆಕ್ಷೇಪಣೆಯನ್ನು ನಾನು ಬಹುಕಾಲ ಮನಸ್ಸಿನಲ್ಲಿ ತೂಗಿದ್ದೇನೆ. ವೆಂಕಟರಾಯರು ಬಿದ್ದ ಗುಡಿಯನ್ನು ಮತ್ತೆ ಕಟ್ಟಿರೆಂದು ಯಾರನ್ನೂ ಬೇಡಲಿಲ್ಲ. ಹಣ ಕೂಡಿಸಿ ಗೋಪುರಕ್ಕೆ ಗಾರೆ ಬಳಿಯಿಸಲಿಲ್ಲ. ಸ್ಥಾವರವಾಗಿ ಬಿದ್ದಿದ್ದುದನ್ನು ಗ್ರಂಥರೂಪದಿಂದ ಊರೂರಿಗೆ ನಡೆಯುವಂತೆ ಮಾಡಿದರು. ಇದು ಜಂಗಮದ ಕಾರ್ಯವೆಂದರೆ ಅತಿಶಯೋಕ್ತಿಯಾಗಲಾರದು. ಅರಸರ ಗೋಡೆಗಳ ಮೇಲೆ ದೊರೆಯದ ಇನ್ನೊಂದು ಗತವೈಭವವು ರೈತರ, ನೇಕಾರರ, ಜಂಗಮರ ಮನೆಗಳ ಅಟ್ಟದ ಮೇಲೆ ತಾಳೆಗರಿಯ ಕಟ್ಟುಗಳಲ್ಲಿ ಹೊಗೆ ಹಿಡಿದು ಬಿದ್ದಿತ್ತು. ಅದನ್ನು ಇಳಿಸಿ, ಧೂಳು ಕೊಡವಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ರೂಪದಿಂದ ಲೋಕಕ್ಕೆ ಕೊಟ್ಟವರು ಹಳಕಟ್ಟಿಯವರು. ಆ ಗ್ರಂಥವು ಅಚ್ಚಾದುದು ನಮ್ಮ ಬೆಳಗಾವಿಯಲ್ಲಿಯೇ. ಗೋಡೆಯನ್ನೋದಿದ ಗ್ರಂಥದಲ್ಲಿ ಯಾವುದು ಕಡಿಮೆಯಾಗಿತ್ತೋ ಅದನ್ನು ಗರಿಯನ್ನೋದಿದ ಗ್ರಂಥವು ತುಂಬಿತು.

ಹಂಪೆಯ ಗೋಪುರವು ನಮ್ಮ ಜಿಲ್ಲೆಗೇ ಬಂದ ಸಂಗತಿಯನ್ನು ಹೇಳಬೇಕು. ೧೯೨೪ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವು ನಡೆಯಿತು. ಗಂಗಾಧರರಾಯ ದೇಶಪಾಂಡೆಯವರು ಅದರ ಸೂತ್ರಧಾರರು. ಅಧಿವೇಶನದ ಸ್ಥಳಕ್ಕೆ ವಿಜಯನಗರವೆಂದು ಹೆಸರಿಟ್ಟರು. ಮಹಾದ್ವಾರವನ್ನು ವಿರೂಪಾಕ್ಷನ ಗುಡಿಯ ಗೋಪುರದ ಮಾದರಿಯಲ್ಲಿ ಎಬ್ಬಿಸಿದರು. ನೀರಿಗಾಗಿ ತೋಡಿದ ಬಾವಿಗೆ ಪಂಪಾಸರೋವರವೆಂದು ಹೆಸರು ಕೊಟ್ಟರು. ಹುಯಿಲಗೋಳ ನಾರಾಯಣರಾಯರು ಚೆಲುವ ಕನ್ನಡ ನಾಡಿನ ಉದಯವನ್ನು ಹಾರೈಸುವ ತಮ್ಮ ಪದವನ್ನು ಅಲ್ಲಿ ಹಾಡಿದರು. ಅಲ್ಲಿಯೇ ಕರ್ನಾಟಕ ಏಕೀಕರಣದ ಪರಿಷತ್ತು ಸಿದ್ಧಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕೂಡಿತು. ಇದೆಲ್ಲವನ್ನೂ ವೆಂಕಟರಾಯರೊಬ್ಬರೇ ಮಾಡಿಸಿದರೆನ್ನುವದು ಸತ್ಯಕ್ಕೆ ದೂರ. ಆದರೆ ಇಪ್ಪತ್ತು ವರ್ಷಗಳ ಕೆಳಗೆ ಬೆಳಗಾವಿಯಲ್ಲಿ ವಿಜಯನಗರವೆಂದು ಬಾಗಿಲ ಮೇಲೆ ಬರೆದಿದ್ದರೆ ಎಷ್ಟು ಜನರಿಗೆ ಅರ್ಥವಾಗುತ್ತಿತ್ತು? ಅರ್ಥವಾಗುವಂತೆ ಮಾಡಿದ ಪುಣ್ಯವು ಅವರಿಗೆ ಸೇರಿದ್ದು. ಆ ತಾತ್ಪೂರ್ತಿಕ ಗೋಪುರವು ಅಧಿವೇಶನದ ಸಂಗಡ ಹೋಯಿತು. ಬಾವಿಯು ಉಳಿದಿದೆ, ಬೆಳಗಾವಿಯವರು ಅದನ್ನು ಕಾಂಗ್ರೆಸ್ ಬಾವಿಯೆಂದೇ ಕರೆಯುತ್ತಾರೆ.

ಮುಂದಿನ ವರ್ಷಗಳ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೨೨ರಲ್ಲಿ ಅವರು ಜಯಕರ್ನಾಟಕವೆಂಬ ಮಾಸಪತ್ರಿಕೆಯನ್ನು ಹುಟ್ಟುಹಾಕಿದರು. ತಿಲಕರ ಗೀತಾರಹಸ್ಯವನ್ನು ಕನ್ನಡಿಸಿದರು. ೧೯೩೦ರಲ್ಲಿ ಮೈಸೂರಿನಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು. ನನ್ನ ಜೀವನ ಸ್ಮೃತಿಗಳೆಂಬ ಆತ್ಮಚರಿತ್ರೆಯನ್ನು ಬರೆದರು. ಕರ್ನಾಟಕತ್ವವೆಂಬ ಒಂದು ತತ್ತ್ವವನ್ನೇ ಪ್ರತಿಪಾದಿಸಿ ಅದರ ಸೂತ್ರಗಳನ್ನು ರಚಿಸಿದರು. ವೃದ್ಧಾಪ್ಯದಲ್ಲಿ ಗೀತೆಯೂ ಮಧ್ವಸಿದ್ಧಾಂತವೂ ಅವರ ಚಿಂತನೆಯನ್ನು ತುಂಬಿದವು. ಆ ಗ್ರಂಥಗಳ ಯೋಗ್ಯತೆಯನ್ನು ಆ ಸಂಪ್ರದಾಯದ ವಿದ್ವಾಂಸರೇ ಹೇಳತಕ್ಕದ್ದು. ಜನರು ಅವರನ್ನು ಕರ್ನಾಟಕದ ಕುಲಪುರೋಹಿತರೆಂದು ಕರೆದರು. ಆ ಪುರೋಹಿತರ ಮನೆಯಲ್ಲಿ ದಕ್ಷಿಣೆಯು ಮಾತ್ರ ಕೂಡಿಬೀಳಲಿಲ್ಲ.

೧೯೫೬ನೆಯ ಇಸವಿಯ ನವೆಂಬರ ೧ರಂದು ಕನ್ನಡ ಮಾತಾಡುವ ಸೀಮೆಗಳು ಬಹುಮಟ್ಟಿಗೆ ಒಂದು ರಾಜ್ಯವಾದವು. ಚಿಕ್ಕೋಡಿ ಅಥಣಿಗಳು ಮುಂಬಯಿ ರಾಜ್ಯವನ್ನು ಬಿಟ್ಟು ಬಂದುದು ಆ ದಿನವೇ. ರಾಜ್ಯಕ್ಕೆ ಮೈಸೂರೆಂದು ಹೆಸರು. ಕರ್ನಾಟಕವೆಂಬ ಹೆಸರು ಬಂದುದು ೧೯೭೩ರಲ್ಲಿ. ಎಪ್ಪತ್ತಾರು ವರ್ಷದ ವೆಂಕಟರಾಯರು ಆ ದಿನ ರಾಜಧಾನಿಯ ಸಮಾರಂಭಕ್ಕೆ ಹೋಗಲಿಲ್ಲ. ಹಂಪೆಗೆ ಹೋಗಿ, ವಿರೂಪಾಕ್ಷನ ಗುಡಿಯೊಳಗಿನ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಆ ಭುವನೇಶ್ವರಿಯ ಗರ್ಭಗುಡಿಯ ಮುಂದಿನ ಕಂಬಗಳು ವಿಜಯನಗರದವರು ಕಡೆದವಲ್ಲ. ನಯವಾಗಿ ತಿರುವಿದ ಆ ಕರಿಯ ಕಂಬಗಳು ಕಲ್ಯಾಣದ ಚಾಲುಕ್ಯರ ಕಾಲದ ಕೆಲಸ. ಹೊಸ ಅರಸರು ಹಳೆಯದನ್ನು ಕಿತ್ತೆಸೆಯದೆ ತಮ್ಮ ಕಟ್ಟಡದಲ್ಲಿ ಉಳಿಸಿಕೊಂಡುದಕ್ಕೆ ಅವು ಕುರುಹು.

ವೆಂಕಟರಾಯರು ೧೯೬೪ರ ಫೆಬ್ರುವರಿ ೨೫ರಂದು ದೇಹವನ್ನು ಬಿಟ್ಟರು. ಅದೇ ವರ್ಷದ ಜೂನ ೨೯ರಂದು ಹಳಕಟ್ಟಿಯವರು ಲಿಂಗೈಕ್ಯರಾದರು.